ನಾಲಿಗೆಯ ಮೊದಲ ಕೆಲಸ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಲ್ಲಿ ಊಟ ಮೊದಲು, ಮಾತು ಆಮೇಲೆ. ನಾಲಿಗೆಯ ಬಾಳೂ ಇದೇ ಕ್ರಮದಲ್ಲಿ ನಡೆಯುತ್ತದೆ. ಆದರೆ ಹಸುಗೂಸಿನ ನಾಲಿಗೆ ಬಾಯಿಯ ತಳಕ್ಕೆ ಕಟ್ಟಿಕೊಂಡಂತೆ ಕಂಡಾಗ ನಮ್ಮ ತುಮಕೂರು ಸೀಮೆಯ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, ಇದಕ್ಕೆ ಮಾತು ಬರುವುದೋ ಇಲ್ಲವೋ ಎಂಬುದು. 1884ರಲ್ಲಿ ಮೊದಲಾದ ನಾಟಕ ಕಂಪನಿಯಿಂದ ನಾಡಿಗೆಲ್ಲ ಹೆಸರಾದ ಗುಬ್ಬಿಯ ನೆರೆಯಲ್ಲಿ ಮಾತಿನ ಮೇಲೆ ಇಷ್ಟು ಮಮತೆ ಸಹಜವೇ. ಆದರೂ ಆ ಪ್ರಶ್ನೆಗೆ ಅವಸರವಿಲ್ಲ. ಕೂಸು ಹಾಲು ಕುಡಿಯುತ್ತಿದೆಯೇ ಎಂಬ ಪ್ರಶ್ನೆಗೆ ಅವಸರವುಂಟು.

ನಾಲಿಗೆಯ ಅಡಿಯಿಂದ ಬಾಯಿಯ ತಳಕ್ಕೆ ಇಳಿಯುವ ತೆಳುಪೊರೆ ನಮ್ಮೆಲ್ಲರಲ್ಲಿಯೂ ಇದೆ. ಕೆಲವು ಶಿಶುಗಳಲ್ಲಿ ಅದು ಗಿಡ್ಡವಾಗಿ ಬಿಗಿದಿರುತ್ತದೆ, ಇಲ್ಲವೇ ನಾಲಿಗೆಯ ತುದಿಯವರೆಗೂ ಚಾಚಿರುತ್ತದೆ. ಗಂಡುಕೂಸುಗಳಲ್ಲಿ ಇದು ಹೆಚ್ಚು. ಕೆಲವು ಮನೆತನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆದುದರಿಂದ ಅವಳಿಗಳಿಬ್ಬರಿಗೂ ಇದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಅದು ಗ್ರಹಚಾರವೂ ಅಲ್ಲ.

ಮೊಲೆಯುಣ್ಣುವ ಶಿಶು ನಾಲಿಗೆಯನ್ನು ಕೆಳವಸಡಿನ ಮೇಲೆ ಚಾಚಿ, ಅದನ್ನು ಇಳಿಸಿದಾಗ ಉಂಟಾಗುವ ಸೆಳೆತದಿಂದ ಹಾಲನ್ನು ಹೀರುತ್ತದೆ. ಕಟ್ಟು ಬಿಗಿಯಾದರೆ ಹಿಡಿತ ಜಾರಬಹುದು. ತಾಯಿಯ ಮೊಲೆತೊಟ್ಟು ಬಿರಿಯಬಹುದು. ಹಾಲು ಪೂರ್ತಿ ಇಳಿಯದೆ ಕ್ರಮೇಣ ಬತ್ತಲೂಬಹುದು. ಅವಳಿಗಳು ಅನೇಕವೇಳೆ ದಿನ ತುಂಬುವ ಮೊದಲೇ, ಕಡಿಮೆ ತೂಕದಿಂದ ಹುಟ್ಟುತ್ತವೆ. ಅವುಗಳಿಗೆ ನಾಲ್ಕು ದಿನದ ಅರೆಹೊಟ್ಟೆಯೂ ಅಲ್ಪ ವಿಷಯವಲ್ಲ.

ಕುಣಿಗಲ್ ಕಡೆಯ ಒಂದು ಮನೆಯಲ್ಲಿ ಇಂಥ ಎರಡು ಗಂಡುಕೂಸುಗಳನ್ನು ನಾನು ಕಂಡೆ. ಎರಡರ ನಾಲಿಗೆಯೂ ಒಂದೇ ಬಗೆಯಾಗಿ ಕಟ್ಟಿತ್ತು. ಒಂದು ಗುಟುಕುಗುಟುಕಾಗಿ ಕುಡಿದು ನಿದ್ರಿಸುತ್ತಿತ್ತು. ಇನ್ನೊಂದು ಚೀಪಿ ಚೀಪಿ ಸೋತು ಅಳುತ್ತಿತ್ತು. ಅಜ್ಜಿ ಬಜೆ ತೇಯಲು ಹೊರಟಿದ್ದರು; ತಂದೆ ಎರಡಕ್ಕೂ ಕತ್ತರಿ ಹಾಕಿಸಲು. ತುಮಕೂರಿನ ವೈದ್ಯರು ಎರಡನ್ನೂ ಒಪ್ಪಲಿಲ್ಲ. ಮೊದಲು ಹಾಲೂಡುವ ಭಂಗಿಯನ್ನು ತಿದ್ದಿದರು. ಸೋತ ಕೂಸಿಗೆ ತಾಯಿ ಹಿಂಡಿಕೊಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸಲು ಹೇಳಿದರು. ಅಷ್ಟಾದರೂ ಹಿಡಿತ ಕೂಡದಿದ್ದಾಗ ಅದೊಂದರ ಪೊರೆಯನ್ನು ಮಾತ್ರ ಬಿಡಿಸಿದರು. ಕ್ಷಣಮಾತ್ರದ ಕೆಲಸ, ಎರಡು ಹನಿ ರಕ್ತ, ಒಡನೆಯೇ ತಾಯಿಯ ಮಡಿಲು. ಇನ್ನೊಂದನ್ನು ಮುಟ್ಟಲಿಲ್ಲ.

ಈ ವಿವೇಕಕ್ಕೆ ಶಾಸ್ತ್ರದ ಬೆಂಬಲವುಂಟು. 2017ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆ ಐದು ಪ್ರಯೋಗಗಳನ್ನು, 302 ಶಿಶುಗಳ ವಿವರಗಳನ್ನು ತೂಗಿ ನೋಡಿತು. ಪೊರೆ ಬಿಡಿಸಿದರೆ ತಾಯಿಯ ನೋವು ಸದ್ಯಕ್ಕೆ ತಗ್ಗುತ್ತದೆ. ಆದರೆ ಶಿಶುವಿನ ಹಾಲುಣ್ಣುವಿಕೆ ಎಲ್ಲ ಪ್ರಯೋಗಗಳಲ್ಲಿಯೂ ಸುಧಾರಿಸಿದುದು ಕಾಣಲಿಲ್ಲ. ಕಂಡ ಕಟ್ಟನ್ನೆಲ್ಲ ಕತ್ತರಿಸಬೇಕಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2024ರಲ್ಲಿ ಹೇಳಿದೆ.

ಇನ್ನು ಮಾತಿನ ವಿಚಾರ. ಕಟ್ಟಿದ ನಾಲಿಗೆಯ ಮಕ್ಕಳಲ್ಲಿ ಬಹುಮಂದಿ ಸರಿಯಾಗಿಯೇ ಮಾತು ಕಲಿಯುತ್ತಾರೆ. ಮಾತು ತಡವಾದರೆ ನಾಲಿಗೆಯನ್ನು ದೂರುವ ಮೊದಲು ಕಿವಿಯನ್ನು ಪರೀಕ್ಷಿಸಬೇಕು. ಕೇಳದ ಮಗು ಆಡುವುದೆಂತು? 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಮೈಸೂರಿನಲ್ಲಿಯೇ ಇದೆ.

ಹೆರಿಗೆಯಾಗಿ ಮನೆಗೆ ಬಂದ ಬಾಣಂತಿಯನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನಗಳಂದು ಬರಬೇಕೆಂಬ ಏರ್ಪಾಡಿದೆ. ಆಗ ಕೂಸಿನ ಬಾಯಿ ತೆರೆದು ತೋರಿಸಿದರೆ ಸಾಲದು. ಅವರೆದುರಿಗೇ ಮೊಲೆಯೂಡಿಸಿ ತೋರಿಸಬೇಕು. ಅವಳಿಗಳಾದರೆ ಒಂದೊಂದನ್ನೂ ಬೇರೆಯಾಗಿ ತೂಗಿಸಬೇಕು. ತುಂಬಿದ ಒಂದು ಹೊಟ್ಟೆಯ ನೆಮ್ಮದಿಯಲ್ಲಿ ಹಸಿದ ಇನ್ನೊಂದರ ಅಳು ಮರೆಯಾಗಬಾರದು.