ಮದರಾಸಿನಲ್ಲಿ ಕಂಡ ಸಿಲ್ವಿಯಾ: ತೂಕ ಹೇಳಿದ ಎರಡು ಚಂದ್ರ

ಕಾಕನಕೋಟೆಯ ಕಾಡಂಚಿನಲ್ಲಿ ಅಮಾವಾಸ್ಯೆಯ ರಾತ್ರಿ ತಲೆಯೆತ್ತಿದರೆ, ಬೆಂಗಳೂರು, ಮೈಸೂರುಗಳ ದೀಪಗಳ ಬೆಳಕಿನಲ್ಲಿ ಮರೆಯಾಗುವ ಅಸಂಖ್ಯ ನಕ್ಷತ್ರಗಳು ಗೋಚರಿಸುತ್ತವೆ. ಅಂಥ ಕಗ್ಗತ್ತಲಲ್ಲೂ ಬರಿಗಣ್ಣಿಗೆ ಕಾಣದ ಆಕಾಶಕಾಯವೊಂದಿದೆ. ಅದರ ಹೆಸರು ಸಿಲ್ವಿಯಾ. ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಅದರ ಸಂಖ್ಯೆ 87. ಅದನ್ನು ಮೊದಲು ಗುರುತಿಸಿದ್ದು ದಕ್ಷಿಣ ಭಾರತದಿಂದಲೇ ಎಂಬುದು ವಿಶೇಷ.

ಮಂಗಳ ಮತ್ತು ಗುರು ಗ್ರಹಗಳ ನಡುವೆ ಲಕ್ಷಾಂತರ ಕ್ಷುದ್ರಗ್ರಹಗಳು ಸೂರ್ಯನನ್ನು ಸುತ್ತುತ್ತಿವೆ. ಈ ವಲಯದ ಹೊರ ಅಂಚಿನಲ್ಲಿ, ಸೂರ್ಯನಿಂದ ಸರಾಸರಿ 52 ಕೋಟಿ ಕಿ.ಮೀ. ದೂರದಲ್ಲಿ ಸಿಲ್ವಿಯಾ ಸಂಚರಿಸುತ್ತದೆ. ಒಂದು ಸುತ್ತಿಗೆ ಸುಮಾರು ಆರೂವರೆ ವರ್ಷ ಬೇಕು. ಅದರ ಸರಾಸರಿ ವ್ಯಾಸ 270 ಕಿ.ಮೀ. ಆಸುಪಾಸು, ಅಂದರೆ ಮೈಸೂರು–ಬೆಂಗಳೂರು ನಡುವಣ ರಸ್ತೆಯ ಹೆಚ್ಚುಕಡಿಮೆ ಎರಡರಷ್ಟು. ಆಕಾರ ಮಾತ್ರ ದುಂಡಲ್ಲ, ಆಲೂಗಡ್ಡೆಯಂತೆ ನೀಳ.

ಮದರಾಸು ವೀಕ್ಷಣಾಲಯದ ಸರ್ಕಾರಿ ಖಗೋಳಜ್ಞರಾಗಿದ್ದ ನಾರ್ಮನ್ ಪಾಗ್ಸನ್ 1866ರ ಮೇ 16ರಂದು ಇದನ್ನು ಪತ್ತೆ ಮಾಡಿದರು. ಛಾಯಾಚಿತ್ರಗಳ ನೆರವಿಲ್ಲದ ಕಾಲವದು. ಆಕಾಶದ ನಕ್ಷೆಯನ್ನು ಮುಂದಿಟ್ಟುಕೊಂಡು, ರಾತ್ರಿಯಿಂದ ರಾತ್ರಿಗೆ ಜಾಗ ಬದಲಿಸುವ ಚುಕ್ಕೆ ಯಾವುದೆಂದು ಕಣ್ಣಿನಿಂದಲೇ ಹುಡುಕಬೇಕಿತ್ತು. ಆ ವೀಕ್ಷಣಾಲಯದ ಪರಂಪರೆ ಕೊಡೈಕೆನಾಲ್ ಮೂಲಕ ಸಾಗಿ, ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ ಮುಂದುವರಿದಿದೆ. ಇದೇ ಸಂಸ್ಥೆಯ ಆರ್. ರಾಜಮೋಹನ್ 1988ರಲ್ಲಿ ತಮಿಳುನಾಡಿನ ಕಾವಲೂರಿನಿಂದ ಕಂಡುಹಿಡಿದ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿಡಲಾಗಿದೆ.

ಪಾಗ್ಸನ್ ಕಂಡದ್ದು ಬರಿಯ ಚುಕ್ಕೆ. ಅದರ ಸುತ್ತ ಚಂದ್ರನೊಂದಿದೆ ಎಂಬುದು ತಿಳಿದದ್ದು 2001ರಲ್ಲಿ, ಹವಾಯಿಯ ಕೆಕ್ ದೂರದರ್ಶಕದಿಂದ. ಚಿಲಿ ದೇಶದ ಬೃಹತ್ ದೂರದರ್ಶಕದಿಂದ 2004ರಲ್ಲಿ ತೆಗೆದ ಚಿತ್ರಗಳಲ್ಲಿ ಎರಡನೆಯದೂ ಸಿಕ್ಕಿತು. ರೋಮ್ ನಗರದ ಪುರಾಣದಲ್ಲಿ ರಿಯಾ ಸಿಲ್ವಿಯಾಳ ಅವಳಿ ಮಕ್ಕಳಾದ ರೋಮುಲಸ್, ರೀಮಸ್‌ರ ಹೆಸರನ್ನೇ ಇವಕ್ಕೆ ಇಡಲಾಯಿತು. ಎರಡು ಚಂದ್ರಗಳುಳ್ಳ ಕ್ಷುದ್ರಗ್ರಹವೊಂದು ಗೊತ್ತಾದದ್ದು ಅದೇ ಮೊದಲು.

ಚಂದ್ರಗಳು ಸಿಕ್ಕಿದ್ದರಿಂದ ಆದ ಲಾಭವೇನು? ತಕ್ಕಡಿಯಿಲ್ಲದೆ ತೂಗುವ ದಾರಿ ದೊರೆಯಿತು. ರೋಮುಲಸ್ ಸುಮಾರು 1,360 ಕಿ.ಮೀ. ದೂರದಿಂದ ಮೂರೂವರೆ ದಿನಕ್ಕೆ ಸ್ವಲ್ಪ ಮೀರಿದ ಅವಧಿಯಲ್ಲಿ ಒಂದು ಸುತ್ತು ಹಾಕುತ್ತದೆ. ಚಂದ್ರನ ದೂರ ಮತ್ತು ಸುತ್ತಿನ ಅವಧಿ ತಿಳಿದರೆ, ಅದನ್ನು ಹಿಡಿದಿಟ್ಟಿರುವ ಕಾಯದ ದ್ರವ್ಯರಾಶಿಯನ್ನು ಲೆಕ್ಕ ಹಾಕಬಹುದು. ಅದನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ.

ಹೀಗೆ ಬಂದ ಉತ್ತರ ಅಚ್ಚರಿಯದು. ಸಿಲ್ವಿಯಾದ ಸಾಂದ್ರತೆ ನೀರಿನ ಒಂದೂವರೆ ಪಟ್ಟೂ ಇಲ್ಲ. ನಮ್ಮ ಗ್ರಾನೈಟ್ ಕಲ್ಲಿನದು ಎರಡೂವರೆ ಪಟ್ಟಿಗಿಂತ ಹೆಚ್ಚು. ಹಾಗಾಗಿ ಅದು ಗಟ್ಟಿ ಬಂಡೆಯಾಗಿರಲಾರದು. ಒಡಲಲ್ಲಿ ಪೊಳ್ಳು ಜಾಗ ಬಹಳಷ್ಟಿರಬೇಕು, ಮಂಜುಗಡ್ಡೆಯೂ ಬೆರೆತಿರಬಹುದು.

ಸಿಲ್ವಿಯಾದಿಂದ ಭೂಮಿಗೆ ಅಪಾಯವಿಲ್ಲ. ಆದರೆ ಅದು ಕಲಿಸುವ ಪಾಠ ಮುಖ್ಯವಾದದ್ದು. 2022ರ ಸೆಪ್ಟೆಂಬರ್‌ನಲ್ಲಿ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಡಿಕ್ಕಿ ಹೊಡೆದು ಅದರ ಪಥವನ್ನು ಬದಲಿಸಿತು. ಮುಂದೊಂದು ದಿನ ಭೂಮಿಯತ್ತ ಬರುವ ಕ್ಷುದ್ರಗ್ರಹವನ್ನು ನಿಜಕ್ಕೂ ತಳ್ಳಬೇಕಾಗಿ ಬಂದರೆ, ಅದು ಒಂದೇ ಬಂಡೆಯೋ ಸಡಿಲ ಕಲ್ಲುಗುಪ್ಪೆಯೋ ಎಂಬುದು ಮೊದಲೇ ತಿಳಿದಿರಬೇಕು. ಏಟಿನ ಫಲ ಅದನ್ನೇ ಅವಲಂಬಿಸಿರುತ್ತದೆ.