ಗುಡ್ಡೆಯ ಒಡಲಿನಿಂದ ಬಂದ ತೋಟ

1978ರಲ್ಲಿ ಬಂಟ್ವಾಳ ತಾಲೂಕಿನ ಕೇಪು ಗ್ರಾಮದಲ್ಲಿ, ಅಡ್ಯನಡ್ಕದ ಹತ್ತಿರದ ಅಮೈ ಎಂಬಲ್ಲಿ, ಎರಡು ಎಕರೆ ಬೋಳುಗುಡ್ಡೆ ಮಹಾಲಿಂಗ ನಾಯ್ಕರ ಕೈಗೆ ಬಂತು. ಅಡಿಕೆ, ತೆಂಗಿನ ಮರ ಹತ್ತಿ ಕೊಯ್ಯುವ ಕೂಲಿ ಅವರದು. ಅವರ ದುಡಿಮೆ ಮೆಚ್ಚಿ ಭೂಮಾಲೀಕರು ಕೊಟ್ಟ ಜಾಗ ಅದು. ಬೇರೆಯವರ ತೋಟದಲ್ಲಿ ದುಡಿದ ಆ ಮನುಷ್ಯನಿಗೆ ತನ್ನದೇ ಒಂದು ಅಡಿಕೆ ತೋಟ ಬೇಕಿತ್ತು. ಸಿಕ್ಕಿದ್ದು ನೀರಿಲ್ಲದ ಕಡಿದಾದ ಇಳಿಜಾರು. ಅಲ್ಲಿ ಬಾವಿ ತೋಡಿದರೆ ಎಷ್ಟು ಆಳಕ್ಕೆ ಹೋಗಬೇಕೋ ತಿಳಿಯದು. ಬೋರು ಕೊರೆಸಿ ಪಂಪು ಕೂರಿಸಲು ಹಣವಿಲ್ಲ. ಉಳಿದದ್ದು ಹಾರೆ, ಪಿಕ್ಕಾಸು ಮತ್ತು ಆ ಸೀಮೆಯವರಿಗೆ ತಲೆಮಾರುಗಳಿಂದ ಗೊತ್ತಿದ್ದ ಒಂದು ವಿದ್ಯೆ: ಸುರಂಗ.

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗಡಿಭಾಗದಲ್ಲಿ ಸುರಂಗವೆಂದರೆ ಗುಡ್ಡೆಗೆ ಅಡ್ಡಲಾಗಿ ಕೊರೆದ ಬಾವಿ. ಒಬ್ಬ ಮನುಷ್ಯ ನಿಂತು ಅಗೆಯುವಷ್ಟು ಎತ್ತರ, ಭುಜ ತಾಗದಂತೆ ಸರಿಯುವಷ್ಟು ಅಗಲ, ನೀರು ತಾನಾಗಿ ಹೊರಗೆ ಹರಿಯುವಷ್ಟು ಇಳಿಜಾರು. ಇದು ಸಾಧ್ಯವಾಗುವುದು ನಮ್ಮ ಮುರಕಲ್ಲಿನ ಗುಣದಿಂದ. ಮೇಲಿನ ಮುರಕಲ್ಲು ತೂತುತೂತಾಗಿರುತ್ತದೆ. ಮಳೆನೀರು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಕೆಳಗೆ ಶೇಡಿ ಮಣ್ಣಿನ ಪದರ ಸಿಕ್ಕಿದಾಗ ಇಳಿಯುವುದು ನಿಧಾನವಾಗಿ, ನೀರು ಅದರ ಮೇಲೆಯೇ ಪಕ್ಕಕ್ಕೆ ಸರಿಯತೊಡಗುತ್ತದೆ. ಅಗೆಯುವವನು ಮುಟ್ಟಬೇಕಾದದ್ದು ಆ ಒಸರನ್ನು. ಅದು ಎಲ್ಲಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಹುತ್ತ, ಬೇಸಗೆಯಲ್ಲೂ ಹಸಿರಾಗಿರುವ ಮರ, ಮಣ್ಣಿನ ಬಣ್ಣ, ಇವೇ ಗುರುತುಗಳು. ವರಾಹಮಿಹಿರ ಆರನೇ ಶತಮಾನದಲ್ಲೇ ‘ಬೃಹತ್ಸಂಹಿತೆ’ಯ ಒಂದು ಅಧ್ಯಾಯವನ್ನು ಇಂಥ ಗುರುತುಗಳಿಗೆಂದೇ ಮೀಸಲಿಟ್ಟಿದ್ದ. ಇರಾನಿನ ಕನಾತ್‌ಗಳೂ ಗುಡ್ಡದ ನೀರನ್ನು ಹೀಗೆಯೇ ಹರಿಸಿ ತಂದವು. ಆದರೆ ಅಲ್ಲಿ ಮೊದಲು ಮೇಲೊಂದು ಆಳದ ಬಾವಿ ತೋಡಿ ನೀರಿದೆಯೆಂದು ಖಚಿತ ಮಾಡಿಕೊಳ್ಳುತ್ತಾರೆ. ನಮ್ಮ ಸುರಂಗಕ್ಕೆ ಆ ಭರವಸೆಯಿಲ್ಲ. ಕೊರೆದು ಮುಗಿಯುವವರೆಗೂ ಉತ್ತರ ಸಿಗದು.

ನಾಯ್ಕರು ಹಗಲು ಕೂಲಿಗೆ ಹೋಗಿ ಬಂದು, ರಾತ್ರಿಯವರೆಗೆ ದೀಪದ ಬೆಳಕಿನಲ್ಲಿ ಒಬ್ಬರೇ ಅಗೆದರು. ಮೊದಲ ಸುರಂಗ ಒಣಗಿಯೇ ಉಳಿಯಿತು. ಎರಡನೆಯದೂ ಹಾಗೇ. ವರ್ಷಗಟ್ಟಲೆ ದುಡಿದು ಐದು ಸುರಂಗ ಕೊರೆದರೂ ತೋಟಕ್ಕಾಗುವ ನೀರು ಬರಲಿಲ್ಲ. ಊರಿನವರು ಇದು ವ್ಯರ್ಥ ಕೆಲಸವೆಂದರು. ಆರನೆಯದರಲ್ಲಿ ನೀರು ಬಂತು. ಪಂಪಿಲ್ಲದೆ, ವಿದ್ಯುತ್ತಿಲ್ಲದೆ ಹರಿದು ಬಂದು ತೊಟ್ಟಿಗೆ ಬೀಳುವ ನೀರು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ನಾಯ್ಕರ ದೊಡ್ಡ ಶೋಧ ಇದರ ನಂತರದ್ದು. ಇಳಿಜಾರಿನಲ್ಲಿ ಗಿಡ ನಿಲ್ಲಬೇಕಾದರೆ ಮಣ್ಣು ನಿಲ್ಲಬೇಕು. ಅವರು ಕಲ್ಲು ಹೊತ್ತು ತಂದು ಅಡ್ಡಲಾಗಿ ಕಟ್ಟೆ ಕಟ್ಟಿದರು, ಹಿಂದೆ ಮಣ್ಣು ತುಂಬಿ ಗುಡ್ಡೆಯನ್ನು ತಟ್ಟುಗಳಾಗಿ ಮಾಡಿದರು. ಮಳೆನೀರು ಓಡಿಹೋಗದಂತೆ ಮೇಲ್ಭಾಗದಲ್ಲಿ ನೂರಾರು ಇಂಗುಗುಂಡಿ ತೆಗೆದರು. ಸುರಂಗದಿಂದ ತೆಗೆದುಕೊಂಡದ್ದನ್ನು ಗುಡ್ಡೆಗೆ ಮರಳಿ ತುಂಬುವ ಕೆಲಸ ಅದು. ಆ ಎರಡು ಎಕರೆಯಲ್ಲಿ ಸುಮಾರು 300 ಅಡಿಕೆ, 75 ತೆಂಗು, ಜತೆಗೆ ಗೇರು, ಬಾಳೆ, ಕಾಳುಮೆಣಸು ಬೆಳೆದವು. ಪತ್ರಕರ್ತ ಶ್ರೀಪಡ್ರೆಯವರಂಥವರ ಬರಹಗಳಿಂದ ಅವರ ಹೆಸರು ಹೊರಜಗತ್ತಿಗೆ ತಿಳಿಯಿತು. 2022ರಲ್ಲಿ ಪದ್ಮಶ್ರೀ ಬಂತು.

ಉಡುಪಿ ಜಿಲ್ಲೆಯಲ್ಲಿ ಹಿರಿಯರ ಜಾಗಕ್ಕೆ ಮರಳಿ ತೋಟ ಮಾಡಬೇಕೆಂದಿರುವವರು ಅಮೈಯಿಂದ ಕಲಿಯಬೇಕಾದದ್ದು ಸುರಂಗ ಕೊರೆಯುವುದನ್ನಲ್ಲ. ಅದು ಪಳಗಿದ ಕೈಗಳ ಅಪಾಯದ ಕೆಲಸ. ಕಲಿಯಬೇಕಾದದ್ದು ನೀರಿನ ಲೆಕ್ಕ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅಂದರೆ ಒಂದು ಎಕರೆಗೆ ಸುಮಾರು 1.6 ಕೋಟಿ ಲೀಟರ್. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 20 ಲೀಟರಿನಂತೆ 300 ಮರಗಳಿಗೆ ಡಿಸೆಂಬರಿನಿಂದ ಮೇವರೆಗೆ ಉಣಿಸಿದರೂ ಬೇಕಾಗುವುದು 11 ಲಕ್ಷ ಲೀಟರ್. ಒಂದು ಎಕರೆಗೆ ಬಿದ್ದ ಮಳೆಯ ಸುಮಾರು ಹದಿನೈದರಲ್ಲಿ ಒಂದು ಪಾಲು, ಅಷ್ಟೇ. ಆದರೂ ಕಾಪುವಿನಿಂದ ಕಾರ್ಕಳದವರೆಗೆ ಮಾರ್ಚ್ ಕಳೆಯುವಷ್ಟರಲ್ಲಿ ಬಾವಿಗಳು ಬತ್ತುತ್ತವೆ. ಆಟಿ ತಿಂಗಳ ಮಳೆಗೆ ತೋಡು ತುಂಬಿ ಕೆಂಪಾಗಿ ಹರಿಯುವಾಗ ನಮ್ಮ ನೀರೂ ಮೇಲ್ಮಣ್ಣೂ ಒಟ್ಟಿಗೇ ಕಡಲು ಸೇರುತ್ತಿರುತ್ತವೆ.

ನಮ್ಮ ಹಿರಿಯರು ಭೂಮಿಯನ್ನು ಮೇಲಿನ ಬೆಟ್ಟು, ನಡುವಿನ ಮಜಲು, ಕೆಳಗಿನ ಬೈಲು ಎಂದು ನೀರು ನಿಲ್ಲುವ ಬಗೆಯಿಂದಲೇ ವಿಂಗಡಿಸಿದ್ದರು. ತೋಟದ ನಕ್ಷೆಯೂ ಅಲ್ಲಿಂದಲೇ ಹೊರಡಬೇಕು. ಮೊದಲ ಮಳೆಗಾಲದಲ್ಲಿ ಕೊಡೆ ಹಿಡಿದು ಜಾಗವೆಲ್ಲ ನಡೆದು, ನೀರು ಎಲ್ಲಿಂದ ನುಗ್ಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಮಣ್ಣು ಕೊರೆಯುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಮುಂದಿನ ಮಳೆಗಾಲಕ್ಕೆ ಮೊದಲು, ಪತ್ತನಾಜೆಯ ಹೊತ್ತಿಗೆ, ಮೇಲಿನಿಂದ ಕೆಳಕ್ಕೆ ಇಂಗುಗುಂಡಿ, ತಟ್ಟುಗಳ ಕೆಲಸ ಮುಗಿದಿರಬೇಕು. ಒಂದು ಎಚ್ಚರಿಕೆ ಅಗತ್ಯ: ಶೇಡಿ ಮಣ್ಣು ನೀರು ಕುಡಿದರೆ ಜಾರುತ್ತದೆ. ಗುಡ್ಡೆ ಕಡಿದು ಮನೆ ಕಟ್ಟಿದ್ದರೆ, ಆ ದರೆಯ ಮೇಲ್ಗಡೆ ನೀರು ಇಂಗಿಸಲೇಬಾರದು.

ಆಮೇಲೆ ಗಿಡಗಳ ಸರದಿ. ನೀರು ಬೇಡದ ಗೇರು, ಹಲಸು, ಕಾಟುಮಾವು ಬೆಟ್ಟಿನ ತಲೆಗೆ. ಅವುಗಳ ಕೆಳಗೆ ಪುನರ್ಪುಳಿ, ಅಂಬಟೆ, ಮನೆಯ ಹತ್ತಿರ ಜೀಗುಜ್ಜೆ. ತೇವ ಉಳಿಯುವ ಮಜಲಿನಲ್ಲಿ ಅಡಿಕೆ, ಬಾಳೆ, ಮರಕ್ಕೆ ಹಬ್ಬುವ ಕಾಳುಮೆಣಸು, ನೆರಳಿನಲ್ಲಿ ಅರಸಿನ. ಬಿದ್ದ ತರಗೆಲೆಯನ್ನು ಗುಡಿಸಿ ಸುಡದೆ ಬುಡಕ್ಕೆ ಹಾಸಿದರೆ ಬಿಸಿಲು ಮಣ್ಣನ್ನು ಒಣಗಿಸದು, ಮಳೆ ಮಣ್ಣನ್ನು ಕೊಚ್ಚದು; ಎರಡು ಮೂರು ವರ್ಷದಲ್ಲಿ ಎರೆಹುಳ ತಾನಾಗಿ ಬರುತ್ತದೆ. ಬ್ರಹ್ಮಾವರದ ಬಳಿಯ ಚೇರ್ಕಾಡಿಯಲ್ಲಿ ಗಾಂಧಿವಾದಿ ರಾಮಚಂದ್ರ ರಾಯರು ಗಟ್ಟಿ ನೆಲದಲ್ಲಿ ಉಳುಮೆಯಿಲ್ಲದೆ ಭತ್ತ ಬೆಳೆದು ತೋರಿಸಿದ್ದೂ ಇಂಥದೇ ನಂಬಿಕೆಯಿಂದ: ಮಣ್ಣಿನ ಜೀವ ಕೆಡಿಸದಿದ್ದರೆ ಅದು ನಮ್ಮನ್ನು ಸಾಕುತ್ತದೆ.

ಇಂದು ಜಾಗ ಕೈಗೆ ಬಂದೊಡನೆ ನಾವು ಮೊದಲು ಕರೆಯುವುದು ಜೆಸಿಬಿಯನ್ನು, ಆಮೇಲೆ ಬೋರಿನ ಗಾಡಿಯನ್ನು, ಕೊನೆಗೆ ನರ್ಸರಿಯವರನ್ನು. ನಾಯ್ಕರು ನೀರು ಹುಡುಕಿ, ಮಣ್ಣು ನಿಲ್ಲಿಸಿ, ಮಳೆ ಇಂಗಿಸಿದ್ದರಿಂದಲೇ ಅವರ ಗಿಡಗಳು ಬದುಕಿದವು. ಅವರಿಗಿಲ್ಲದ ಹಣವೂ ಅನುಕೂಲವೂ ನಮ್ಮಲ್ಲಿ ಹಲವರಿಗೆ ಇವೆ. ಗಿಡಕ್ಕೆಂದು ತೆಗೆದಿಟ್ಟ ದುಡ್ಡಿನ ದೊಡ್ಡ ಪಾಲನ್ನು ಮೊದಲ ವರ್ಷ ಇಂಗುಗುಂಡಿಗೂ ಕಲ್ಲಿನ ಕಟ್ಟೆಗೂ ಸುರಿಯೋಣ. ನಮ್ಮ ಮಕ್ಕಳ ಕಾಲಕ್ಕೆ ಆ ಬೆಟ್ಟಿನಲ್ಲಿ ತೋಟ ಉಳಿಯುವುದೋ ಇಲ್ಲವೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.