ಜೇಬಿನ ಚಾಕು: ಅಂದಕ್ಕೆಷ್ಟು, ಅಲಗಿಗೆಷ್ಟು?

ಬೆಂಗಳೂರಿನ ವಿದ್ಯಾರಣ್ಯಪುರದ ಬಿಇಎಲ್ ಲೇಔಟ್‌ನಲ್ಲಿ ಹೊಸ ಮಡಚುವ ಚಾಕುವನ್ನು ನಾಲ್ಕು ಜನರ ಮುಂದೆ ತೆಗೆಯುವುದಕ್ಕೆ ಕೊಂಚ ಧೈರ್ಯ ಬೇಕು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಯಲ್ಲಿ ನೆಲೆಯೂರಿದ ಮೇಲೆ ಬೆಳೆದ ಸೀಮೆ ಇದು. ಟೂಲ್‌ರೂಮಿನಲ್ಲಿ ಪಳಗಿದ ಕೈಗಳು ಇಲ್ಲಿ ಇಂದಿಗೂ ಉಂಟು. ಅಂಥವರು ಮೊದಲು ಕಂಪನಿಯ ಹೆಸರು ನೋಡುವುದಿಲ್ಲ. ಚಾಕು ಬಿಚ್ಚಿ, ಅಲಗನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತಾರೆ. ಮಡಚಿ, ಬೆಳಕಿಗೆ ಹಿಡಿದು, ಅಲಗು ಹಿಡಿಯ ನಟ್ಟನಡುವೆ ಕೂತಿದೆಯೇ ಎಂದು ಕಣ್ಣು ಕಿರಿದಾಗಿಸುತ್ತಾರೆ. ‘ಪ್ಲೇ ಇದೆಯಲ್ರೀ, ಅಲಗು ಸಡಿಲ’ ಎಂದರೋ, ಸಾವಿರಾರು ರೂಪಾಯಿ ಕೊಟ್ಟವರ ಮುಖ ಸಪ್ಪಗಾಗುತ್ತದೆ.

ಈಗ ಜೇಬಿನ ಚಾಕುವಿಗೂ ಫ್ಯಾಷನ್ ಬಂದಿದೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 2012ರಲ್ಲಿ ಶುರುವಾದ ‘ದಿ ಜೇಮ್ಸ್ ಬ್ರಾಂಡ್’ ಇದಕ್ಕೆ ಒಳ್ಳೆಯ ಉದಾಹರಣೆ. ಸೈನಿಕರ ಆಯುಧದ ಗತ್ತಿಲ್ಲ. ನೇರ ಗೆರೆ, ಹಿತವಾದ ಬಣ್ಣ. ವಾಚು, ಪೆನ್ನು, ಕೀಚೈನಿನ ಸಾಲಿನಲ್ಲಿಟ್ಟು ಫೋಟೊ ತೆಗೆಯಲು ಹೇಳಿ ಮಾಡಿಸಿದ ಹಾಗಿರುತ್ತದೆ.

ಹವ್ಯಾಸಿಗಳಲ್ಲಿ ಇದರ ಬಗ್ಗೆ ಎರಡು ಪಕ್ಷ. ‘ಆಫೀಸಿನಲ್ಲಿ ಪಾರ್ಸೆಲ್ ಬಿಚ್ಚಲು ತೆಗೆದರೆ ಯಾರೂ ಬೆಚ್ಚಿಬೀಳುವುದಿಲ್ಲ, ಅದೇ ದೊಡ್ಡ ಗುಣ’ ಎನ್ನುತ್ತದೆ ಒಂದು ಪಕ್ಷ. ‘ಅಂಥದ್ದೇ ಉಕ್ಕು, ಅಂಥದ್ದೇ ಲಾಕ್ ಚೀನಾದ ಸಿವಿವಿ ಕಂಪನಿಯ ಚಾಕುಗಳಲ್ಲಿ ಎಷ್ಟೋ ಅಗ್ಗಕ್ಕೆ ಸಿಗುವಾಗ ಹೆಸರಿಗೇಕೆ ದುಡ್ಡು’ ಎಂದು ಕೇಳುತ್ತದೆ ಇನ್ನೊಂದು.

ಈ ವಾದ ಕೊನೆಗೆ ಬಂದು ನಿಲ್ಲುವುದು ಉಕ್ಕಿನಲ್ಲಿ. ಜಪಾನಿನ ವಿಜಿ-10 ಮೇಲೋ, ಡಿ2 ಮೇಲೋ? ಡಿ2 ನಮ್ಮ ಪೀಣ್ಯದ ಕಾರ್ಖಾನೆಗಳಿಗೆ ಹಳೆಯ ನೆಂಟ. ಪ್ರೆಸ್ ಡೈ, ಪಂಚ್ ಮಾಡುವ ಉಕ್ಕು. ಸುಮಾರು ಶೇ 1.5 ಇಂಗಾಲ, ಶೇ 12ರಷ್ಟು ಕ್ರೋಮಿಯಂ ಇರುವುದರಿಂದ ಹರಿತ ಬಹುಕಾಲ ನಿಲ್ಲುತ್ತದೆ. ಆದರೆ ಪೂರ್ತಿ ಸ್ಟೇನ್‌ಲೆಸ್ ಅಲ್ಲ, ಒದ್ದೆಯಾಗಿ ಬಿಟ್ಟರೆ ಕಲೆ ಹಿಡಿಯುತ್ತದೆ. ಡೈ ಕೆಲಸ ಬಲ್ಲವರಿಗೆ ಇನ್ನೊಂದೂ ಗೊತ್ತು: ಹೀಟ್ ಟ್ರೀಟ್‌ಮೆಂಟ್ ಕೆಟ್ಟರೆ ಎಂಥ ಉಕ್ಕೂ ದಂಡ. ಅದೂ ಸರಿಯಿದ್ದು ಅಲಗು ದಪ್ಪವಾಗಿದ್ದರೆ, ಸೇಬನ್ನು ಕೊಯ್ಯುವ ಬದಲು ಸೀಳುತ್ತದೆ.

ಇಲ್ಲಿ ಫ್ರಾನ್ಸಿನ ಒಪಿನೆಲ್ ಪಾಠ ಹೇಳುತ್ತದೆ. ಸವಾಯ್ ಪ್ರಾಂತ್ಯದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೈತರಿಗಾಗಿ ರೂಪಿಸಿದ ಚಾಕು. ಬೀಚ್ ಮರದ ದುಂಡನೆಯ ಹಿಡಿ, ತೆಳ್ಳನೆಯ ಅಲಗು. 1955ರಲ್ಲಿ ಸೇರಿದ ಉಕ್ಕಿನ ತಿರುಗು ಬಳೆಯೇ ಲಾಕ್. ಬೆಲೆ ಕಡಿಮೆ, ಕೊಯ್ಯುವುದರಲ್ಲಿ ದುಬಾರಿ ಚಾಕುಗಳಿಗೆ ಸಡ್ಡು ಹೊಡೆಯುತ್ತದೆ. ದೋಷವೂ ಉಂಟು: ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಬಿಗಿಯುತ್ತದೆ, ಕಾರ್ಬನ್ ಉಕ್ಕಿನದ್ದಾದರೆ ಮಾವಿನಕಾಯಿ ಹೆಚ್ಚಿದ ಕೂಡಲೇ ಕಪ್ಪಗಾಗುತ್ತದೆ. ಒರೆಸಿ, ಒಂದು ತೊಟ್ಟು ಎಣ್ಣೆ ಸವರುವ ವ್ಯವಧಾನ ಇದ್ದವರಿಗೆ ಮಾತ್ರ ಅದು.

ಚಾಕುವಿನ ಅಂದ ನಮಗೇನೂ ಹೊಸದಲ್ಲ. ಕೊಡಗಿನ ಪೀಚೆಕತ್ತಿಯನ್ನೇ ನೋಡಿ: ಕುಪ್ಯ ಎಂಬ ನಿಲುವಂಗಿ ತೊಟ್ಟು, ನಡುವಿಗೆ ಕೆಂಪು ರೇಷ್ಮೆಯ ಚೇಲೆ ಬಿಗಿದು, ಅದರಲ್ಲಿ ಸಿಕ್ಕಿಸಿಕೊಳ್ಳುವ ಬೆಳ್ಳಿ ಕೆಲಸದ ಒರೆ, ಇಳಿಬಿದ್ದ ಸರಪಳಿ. ಆದರೆ ಮದುವೆಯಲ್ಲಿ ಬಾಳೆಯ ದಿಂಡು ಕಡಿಯುವ ಹೊತ್ತಿಗೆ ಕೈಗೆ ಬರುವುದು ಅಗಲ ಅಲಗಿನ ಒಡಿಕತ್ತಿ. ಮೆರೆಯುವುದಕ್ಕೊಂದು, ದುಡಿಯುವುದಕ್ಕೊಂದು ಎಂಬ ಲೆಕ್ಕ ಅವರಿಗೆ ಸ್ಪಷ್ಟ. ಹೊಸ ಬ್ರಾಂಡ್‌ಗಳು ಎರಡನ್ನೂ ಒಂದರಲ್ಲೇ ಕೊಡುತ್ತೇವೆ ಎನ್ನುತ್ತವೆ; ತಕರಾರು ಹುಟ್ಟುವುದೇ ಅಲ್ಲಿ.

ಕೊಳ್ಳುವವರು ಕಾನೂನನ್ನೂ ತಿಳಿದಿರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗುಗಳು ಸೇರಿವೆ. ಮನೆ, ಕೃಷಿ ಕೆಲಸದವಕ್ಕೆ ವಿನಾಯಿತಿ ಇದೆ. ದೆಹಲಿಯಲ್ಲಿ ಬಟನ್ ಚಾಕುಗಳ ಮೇಲೆ 1980ರ ಅಧಿಸೂಚನೆ ಇನ್ನೂ ಬಿಗಿ. ವಿಮಾನದ ಕ್ಯಾಬಿನ್ನಿಗೆ ಎಷ್ಟು ಸುಂದರ ಚಾಕುವಾದರೂ ಪ್ರವೇಶವಿಲ್ಲ.

ಅಂದಕ್ಕೆ ಹಣ ಕೊಡುವುದು ತಪ್ಪಲ್ಲ, ಆದರೆ ಆ ಅಂದ ಕೈಗೂ ತಿಳಿಯಬೇಕು. ಒಂದೇ ಕೈಯಲ್ಲಿ ಸಲೀಸಾಗಿ ಮಡಚಲು ಬರುತ್ತದೆಯೇ, ಗಟ್ಟಿಯಾಗಿ ಹಿಡಿದಾಗ ಅಂಗೈಗೆ ಒತ್ತುವುದಿಲ್ಲವೇ, ಮನೆಯ ಸಾಣೆಕಲ್ಲಿಗೇ ಹರಿತ ಮರಳುತ್ತದೆಯೇ? ಮೂರಕ್ಕೂ ಹೌದು ಎನ್ನುವ ಚಾಕು ಯಾವ ಕಂಪನಿಯದಾದರೂ ಕೊಳ್ಳಿ. ಇಲ್ಲವೆಂದರೆ ಅದರ ಫೋಟೊ ನೋಡಿದರೆ ಸಾಕು, ಅದಕ್ಕೆ ದುಡ್ಡು ಕೊಡಬೇಕಿಲ್ಲ.